ಫ್ಯಾನು ಹಿಂದಿನಿಂದ ಹಿಡಿಯುತ್ತದೆ: ಹಾಯಿ ಹಡಗು ಮತ್ತು ಪ್ರೊಪೆಲ್ಲರಿನ ಇನ್ನೂರು ವರ್ಷ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಸಂಘದ ಕುಟುಂಬಗಳು ಒಂದು ಬಸ್ಸು ಮಾಡಿಕೊಂಡು ಪೋರ್ಟ್ಸ್‌ಮತ್‌ಗೆ ಹೋಗಿದ್ದು ಹಲವರಿಗೆ ನೆನಪಿರಬಹುದು. ಪುಳಿಯೋಗರೆ, ಮೊಸರನ್ನ ಮುಗಿಸಿ ಮಕ್ಕಳ ಗುಂಪಿನೊಂದಿಗೆ ನಾನು ಎಚ್‌ಎಂಎಸ್ ವಾರಿಯರ್ ಹಡಗನ್ನು ಹತ್ತಿದೆ. 1860ರಲ್ಲಿ ನೀರಿಗಿಳಿದ ಕಬ್ಬಿಣದ ಯುದ್ಧನೌಕೆ ಅದು. ಮೂರು ಕೂವೆ, ತುಂಬ ಹಾಯಿ, ಹೊಟ್ಟೆಯೊಳಗೆ ಆವಿಯ ಎಂಜಿನ್. ಹಿಂಭಾಗದಲ್ಲಿ ನಿಂತು, ಹಾಯಿ ಬಿಚ್ಚಿದಾಗ ಈ ಹಡಗಿನ 26 ಟನ್ ತೂಕದ ಪ್ರೊಪೆಲ್ಲರನ್ನು 600 ಜನ ಹಗ್ಗ ಎಳೆದು ನೀರಿನಿಂದ ಮೇಲಕ್ಕೆತ್ತುತ್ತಿದ್ದರು ಎಂದು ಹೇಳಿದೆ. ಎಂಟು ವರ್ಷದ ಹುಡುಗಿಯೊಬ್ಬಳು ತಕ್ಷಣ ಕೇಳಿದಳು: "ಅಂಕಲ್, ಯಾಕೆ ಎತ್ತಬೇಕಿತ್ತು? ಸುಮ್ನೆ ಆಫ್ ಮಾಡಿದ್ರೆ ಸಾಕಾಗ್ತಿರ್ಲಿಲ್ವಾ?"

ಅವಳಿಗೇನೋ ಉತ್ತರ ಹೇಳಿದೆ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಲವತ್ತು ವರ್ಷಗಳ ಹಿಂದೆ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಇನ್ನೊಬ್ಬರು ನನ್ನಲ್ಲಿ ಕೇಳಿದ್ದರು. ಅವರಿಗೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಈ ಲೇಖನ ಒಂದು ಯಂತ್ರಭಾಗದ ಚರಿತ್ರೆ. ಜೊತೆಗೆ, ತಡವಾಗಿ ತೀರಿಸುತ್ತಿರುವ ಒಂದು ಸಾಲ.

ಗಂಗೊಳ್ಳಿಯ ಪ್ರಶ್ನೆ

ನಮ್ಮೂರು ಗಂಗೊಳ್ಳಿ. ನನ್ನ ದೊಡ್ಡಪ್ಪಯ್ಯ ಮಂಜಿಯ ತಂಡೇಲರಾಗಿದ್ದರು. ಮಂಜಿ ಎಂದರೆ ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಹಂಚು, ಜಲ್ಲಿ ಹೊತ್ತು ಹೋಗುವ ಮರದ ಸರಕು ನೌಕೆ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಒಪ್ಪಿಸಿದ ಮೇಲೆ ಅವರ ವರ್ಷ ಶುರುವಾಗುತ್ತಿತ್ತು. ಮುಂಗಾರಿನ ಮೋಡ ಕಾಣುವ ಹೊತ್ತಿಗೆ ಮುಗಿಯುತ್ತಿತ್ತು. ಅವರು ಹುಡುಗನಾಗಿ ಕಡಲಿಗಿಳಿದಾಗ ಮಂಜಿಗೆ ಹಾಯಿ ಮಾತ್ರ ಇತ್ತು. ಆಮೇಲೆ ಡೀಸೆಲ್ ಎಂಜಿನ್ ಬಂತು. ಎಂಜಿನ್ ಬಂದರೂ ಹಾಯಿ ಹೋಗಲಿಲ್ಲ. ಗಾಳಿ ಒದಗಿದರೆ ಎಂಜಿನ್ ನಿಲ್ಲಿಸಿ ಹಾಯಿ ಏರಿಸಿ ಡೀಸೆಲ್ ಉಳಿಸುವುದು ವಾಡಿಕೆ.

1984ರ ಮಳೆಗಾಲ. ನಾನು ಎಂಜಿನಿಯರಿಂಗ್ ಎರಡನೇ ವರ್ಷ. ರಜೆಗೆ ಮನೆಗೆ ಹೋದಾಗ ಜಗಲಿಯಲ್ಲಿ ಬಲೆಯ ದಾರ ಹೊಸೆಯುತ್ತ ಕುಳಿತಿದ್ದ ದೊಡ್ಡಪ್ಪಯ್ಯ ಕೇಳಿದರು:

"ಮಗಾ, ನೀ ಎಂಜಿನಿಯರ್ ಓದ್ತೆ ಅಲ್ದಾ? ಒಂದ್ ಹೇಳ್. ಎಂಜಿನ್ ನಿಲ್ಸಿ ಹಾಯಿ ಏರ್ಸಿರೆ ಫ್ಯಾನ್ ಹಿಂದಿಂದ ಹಿಡ್ಕಂತ್. ಗೇರ್ ಹಾಕಿ ಫ್ಯಾನ್ ನಿಲ್ಸುದು ಒಳ್ಳೇದಾ, ತಿರ್ಗುಕೆ ಬಿಡುದು ಒಳ್ಳೇದಾ?"

ನಮ್ಮ ಕರಾವಳಿಯಲ್ಲಿ ಪ್ರೊಪೆಲ್ಲರಿಗೆ ಫ್ಯಾನ್ ಎಂದೇ ಹೆಸರು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಮಹಾಗನಿ ಮರದ ರೆಕ್ಕೆಬೀಜ ಗಿರಗಿರ ತಿರುಗುತ್ತ ನಿಧಾನವಾಗಿ ಬೀಳುವುದನ್ನು ನೆನಪಿಸಿದೆ. ಎಂಜಿನ್ ಕೆಟ್ಟ ಹೆಲಿಕಾಪ್ಟರ್ ರೆಕ್ಕೆ ತಿರುಗುತ್ತಿದ್ದರೆ ಮೆಲ್ಲಗೆ ಇಳಿಯುತ್ತದೆ ಎಂದೆ. ತಿರುಗುವುದೇ ಹೆಚ್ಚು ತಡೆಯುತ್ತದೆ, ಆದ್ದರಿಂದ ಗೇರ್ ಹಾಕಿ ಫ್ಯಾನನ್ನು ಬಿಗಿಯಾಗಿ ನಿಲ್ಲಿಸಬೇಕು ಎಂದು ತೀರ್ಪು ಕೊಟ್ಟೆ. ದೊಡ್ಡಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೆ ಬಿಟ್ರೆ ಹಗುರ ಆದಂಗೆ ಕಾಂತ್. ಆಯ್ತ್, ಓದ್ದವ ನೀನ್" ಎಂದರು. ಆ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ಆ ವರ್ಷದಿಂದ ಅವರು ಗೇರ್ ಹಾಕಿಯೇ ಹಾಯಿ ಬಿಡಲು ಶುರುಮಾಡಿದರು.

ಅದರಿಂದ ಏನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಈ ಪ್ರಶ್ನೆ ಎಷ್ಟು ಹಳೆಯದು, ಎಂಥೆಂಥವರು ಇದಕ್ಕಾಗಿ ತಲೆ ಕೆಡಿಸಿಕೊಂಡರು ಎಂಬುದನ್ನು ನೋಡೋಣ.

ಚಕ್ರ ಮಡಚಿದ ಹಡಗು

ಹಾಯಿಯೂ ಯಂತ್ರವೂ ಒಂದೇ ಹಡಗಿನಲ್ಲಿ ಸೇರಿದ ದಿನವೇ ಇವೆರಡರ ಜಗಳವೂ ಶುರುವಾಯಿತು. ಯಂತ್ರ ಓಡುವಾಗ ಹಾಯಿ, ಕೂವೆ, ಹಗ್ಗಗಳು ಗಾಳಿಗೆ ಅಡ್ಡ. ಹಾಯಿ ಎಳೆಯುವಾಗ ನೀರಿನಲ್ಲಿರುವ ಯಂತ್ರದ ಭಾಗ ಅಡ್ಡ. ನೀರು ಗಾಳಿಗಿಂತ ಎಂಟುನೂರು ಪಟ್ಟಿಗೂ ಹೆಚ್ಚು ಸಾಂದ್ರವಾದ್ದರಿಂದ ಎರಡನೆಯದೇ ದೊಡ್ಡ ತೊಂದರೆ.

1819ರಲ್ಲಿ ಅಮೆರಿಕದ ಸವಾನ್ನಾ ಎಂಬ ಹಡಗು ಅಟ್ಲಾಂಟಿಕ್ ದಾಟಿ ಲಿವರ್‌ಪೂಲಿಗೆ ಬಂತು. ಆವಿಯಂತ್ರವಿದ್ದ ಹಡಗೊಂದು ಆ ಸಾಗರ ದಾಟಿದ್ದು ಅದೇ ಮೊದಲು. ಆದರೆ ಪ್ರಯಾಣದ ಬಹುಪಾಲು ನಡೆದದ್ದು ಹಾಯಿಯಲ್ಲಿ. ಆಗ ಪ್ರೊಪೆಲ್ಲರ್ ಬಂದಿರಲಿಲ್ಲ. ಹಡಗಿನ ಎರಡೂ ಪಕ್ಕದಲ್ಲಿ ನೀರು ತಳ್ಳುವ ದೊಡ್ಡ ಚಕ್ರಗಳು. ಸವಾನ್ನಾದ ಚಕ್ರಗಳನ್ನು ಬೀಸಣಿಗೆಯಂತೆ ಮಡಚಿ ಅಟ್ಟದ ಮೇಲೆ ಎತ್ತಿಡಬಹುದಿತ್ತು. ಹಾಯಿಗೆ ತೊಡಕಾಗುವುದನ್ನು ಮಡಚಿಡಬೇಕು ಎಂಬ ವಿಚಾರ ಹೀಗೆ ಪ್ರೊಪೆಲ್ಲರಿಗಿಂತ ಹಳೆಯದು.

ಮುರಿದ ಮೇಲೆ ಚುರುಕಾದ ತಿರುಪು

ಪ್ರೊಪೆಲ್ಲರಿನ ಹುಟ್ಟಿಗೆ ಇಬ್ಬರ ಹೆಸರನ್ನು ಹೇಳುತ್ತಾರೆ. ಹೆಂಡನ್‌ನ ರೈತ ಫ್ರಾನ್ಸಿಸ್ ಪೆಟಿಟ್ ಸ್ಮಿತ್, ಮತ್ತು ಸ್ವೀಡನ್ನಿನಿಂದ ಬಂದಿದ್ದ ಎಂಜಿನಿಯರ್ ಜಾನ್ ಎರಿಕ್ಸನ್. ಇಬ್ಬರೂ 1836ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದರು. ಸ್ಮಿತ್ ಮಾಡಿದ್ದು ಮರದ ತಿರುಪು, ಎರಡು ಪೂರ್ತಿ ಸುತ್ತಿನದು. 1837ರಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಪರೀಕ್ಷೆ ಮಾಡುವಾಗ ತಿರುಪಿನ ಅರ್ಧ ಮುರಿದು ಬಿತ್ತು. ದೋಣಿ ನಿಲ್ಲುವ ಬದಲು ಇನ್ನಷ್ಟು ವೇಗವಾಗಿ ಓಡಿತು! ಉದ್ದ ತಿರುಪಿಗಿಂತ ಗಿಡ್ಡ ಅಲಗು ಮೇಲು ಎಂದು ಗೊತ್ತಾದದ್ದು ಹೀಗೆ.

ಸ್ಮಿತ್‌ನ ವಿನ್ಯಾಸದಿಂದ ಆರ್ಕಿಮಿಡಿಸ್ ಎಂಬ ಹಡಗು ಬಂತು. ಅದನ್ನು ಎರವಲು ಪಡೆದು ಪರೀಕ್ಷಿಸಿದ ಇಸಂಬಾರ್ಡ್ ಕಿಂಗ್ಡಮ್ ಬ್ರುನೆಲ್, ತಾನು ಬ್ರಿಸ್ಟಲ್‌ನಲ್ಲಿ ಕಟ್ಟುತ್ತಿದ್ದ ಗ್ರೇಟ್ ಬ್ರಿಟನ್ ಹಡಗಿನ ಚಕ್ರದ ಯೋಜನೆಯನ್ನೇ ಕೈಬಿಟ್ಟು ಪ್ರೊಪೆಲ್ಲರ್ ಹಾಕಲು ನಿರ್ಧರಿಸಿದ. 1845ರ ಏಪ್ರಿಲ್‌ನಲ್ಲಿ ನೌಕಾಪಡೆ ಪ್ರೊಪೆಲ್ಲರಿನ ರ‍್ಯಾಟ್ಲರ್ ಮತ್ತು ಚಕ್ರದ ಅಲೆಕ್ಟೋ ಹಡಗುಗಳನ್ನು ಹಿಂಭಾಗಕ್ಕೆ ಹಿಂಭಾಗ ಕಟ್ಟಿ ಹಗ್ಗಜಗ್ಗಾಟ ನಡೆಸಿತು. ರ‍್ಯಾಟ್ಲರ್ ಎದುರಾಳಿಯನ್ನು ಸುಮಾರು ಎರಡೂವರೆ ನಾಟ್ ವೇಗದಲ್ಲಿ ಹಿಂದಕ್ಕೆ ಎಳೆದುಕೊಂಡು ಹೋಯಿತು. (ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್.) ಚಕ್ರದ ಕಾಲ ಮುಗಿಯುವುದು ಅಂದೇ ಖಚಿತವಾಯಿತು.

ಆದರೆ ಪ್ರೊಪೆಲ್ಲರ್ ಇರುವುದು ಹಡಗಿನ ತಳದಲ್ಲಿ, ಯಾವಾಗಲೂ ನೀರಿನೊಳಗೆ. ಅದನ್ನು ಸವಾನ್ನಾದ ಚಕ್ರದಂತೆ ಮಡಚಿ ಅಟ್ಟಕ್ಕೆ ಹಾಕುವುದು ಹೇಗೆ?

ಎತ್ತುವ ದಾರಿ, ತಿರುಗಿಸುವ ದಾರಿ

ಇದಕ್ಕೆ ಆ ಕಾಲದವರು ಎರಡು ದಾರಿ ಹುಡುಕಿದರು. ಮೊದಲನೆಯದು, ಹಡಗಿನ ಹಿಂಭಾಗದಲ್ಲಿ ಬಾವಿಯಂಥ ಪೊಳ್ಳು ಬಿಟ್ಟು, ಪ್ರೊಪೆಲ್ಲರನ್ನು ಶಾಫ್ಟಿನಿಂದ ಬಿಡಿಸಿ ಚೌಕಟ್ಟಿನ ಸಮೇತ ಮೇಲಕ್ಕೆತ್ತುವುದು. ಬಾವಿಯಿಂದ ಕೊಡ ಸೇದಿದ ಹಾಗೆ. ಎರಡನೆಯದು, ಪ್ರೊಪೆಲ್ಲರನ್ನು ಅಲ್ಲೇ ಬಿಟ್ಟು ಅದರ ಅಲಗುಗಳನ್ನು ಮಾತ್ರ ಮಗ್ಗುಲು ತಿರುಗಿಸಿ, ಕತ್ತಿಯ ಬಾಯಿಯಂತೆ ನೀರಿಗೆ ಒಡ್ಡುವುದು. ಬೆನೆಟ್ ವುಡ್‌ಕ್ರಾಫ್ಟ್ 1844ರಲ್ಲಿ ಅಲಗಿನ ಓರೆ ಬದಲಿಸಬಲ್ಲ ಪ್ರೊಪೆಲ್ಲರಿಗೆ ಪೇಟೆಂಟ್ ಪಡೆದ. ಜೋಸೆಫ್ ಮಾಡ್ಸ್‌ಲೇ 1848ರಲ್ಲಿ ಹಾಯಿ ಬಿಟ್ಟಾಗ ಅಲಗು ಮಗ್ಗುಲಾಗುವ ಪ್ರೊಪೆಲ್ಲರನ್ನು ತಂದ. ವಿಚಾರ ಸರಿಯಾಗಿತ್ತು. ಆದರೆ ನೀರಿನೊಳಗೆ ಸಣ್ಣ ಸಣ್ಣ ಕೀಲುಗಳನ್ನು ಗಟ್ಟಿಯಾಗಿಡಲು ದೊಡ್ಡ ಯುದ್ಧನೌಕೆಗಳು ಧೈರ್ಯ ಮಾಡಲಿಲ್ಲ. ಅವು ಹೆಚ್ಚಾಗಿ ನೆಚ್ಚಿದ್ದು ಎತ್ತುವ ದಾರಿಯನ್ನೇ.

ಬ್ರುನೆಲ್‌ನ ಗ್ರೇಟ್ ಬ್ರಿಟನ್ ಹಡಗಿನ ಜೀವನಚರಿತ್ರೆ ಈ ಜಗಳದ ಎಲ್ಲ ಮಜಲುಗಳನ್ನೂ ಕಂಡಿದೆ. 1843ರಲ್ಲಿ ನೀರಿಗಿಳಿದಾಗ ಅದಕ್ಕೆ ಹದಿನೈದೂವರೆ ಅಡಿ ವ್ಯಾಸದ, ಆರು ಅಲಗಿನ ಸ್ಥಿರ ಪ್ರೊಪೆಲ್ಲರ್. ಲಿವರ್‌ಪೂಲಿನಿಂದ ನ್ಯೂಯಾರ್ಕಿಗೆ ಹೋಗಲು ಅದು ಸರಿಯೇ. 1852ರಿಂದ ಆಸ್ಟ್ರೇಲಿಯಾದ ದೂರದ ದಾರಿಗೆ ಹಾಕಿದ ಮೇಲೆ ಲೆಕ್ಕ ಬದಲಾಯಿತು. ಅಷ್ಟು ದೂರಕ್ಕೆ ಸಾಕಾಗುವ ಕಲ್ಲಿದ್ದಲು ಹೊತ್ತರೆ ಜನರಿಗೂ ಸರಕಿಗೂ ಜಾಗವಿಲ್ಲ. ದಕ್ಷಿಣ ಸಾಗರದಲ್ಲಿ ಬೀಸುವ ಗಾಳಿಯಂತೂ ಬಿಟ್ಟಿ. ಹಾಗಾಗಿ 1850ರ ದಶಕದಲ್ಲಿ ಅದಕ್ಕೆ ಮೇಲೆತ್ತುವ ಪ್ರೊಪೆಲ್ಲರ್ ಜೋಡಿಸಿ, ಹಾಯಿಯನ್ನು ಬಲಪಡಿಸಿದರು. 1857ರ ದಂಗೆಯ ಸಮಯದಲ್ಲಿ ಬ್ರಿಟಿಷ್ ಸೈನಿಕರನ್ನು ಹೊತ್ತು ಮುಂಬಯಿಗೆ ಬಂದದ್ದೂ ಇದೇ ಹಡಗು. 1861ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ಮೊಟ್ಟಮೊದಲ ಇಂಗ್ಲಿಷ್ ಕ್ರಿಕೆಟ್ ತಂಡ ಹತ್ತಿದ್ದೂ ಇದನ್ನೇ. ನಮ್ಮ ಸಂಘದ ಕ್ರಿಕೆಟ್ ಪ್ರಿಯರು ಗಮನಿಸಬೇಕು. ಕೊನೆಗೆ 1880ರ ದಶಕದ ಆರಂಭದಲ್ಲಿ ಎಂಜಿನನ್ನೇ ಕಿತ್ತು ಹಾಕಿ ಇದನ್ನು ಬರೀ ಹಾಯಿ ಹಡಗಾಗಿಸಿದರು. ಫಾಕ್ಲೆಂಡ್ ದ್ವೀಪದಲ್ಲಿ ಉಗ್ರಾಣವಾಗಿ, ಆಮೇಲೆ ಹೆಣವಾಗಿ ಬಿದ್ದಿದ್ದ ಹಡಗನ್ನು 1970ರಲ್ಲಿ ಬ್ರಿಸ್ಟಲ್‌ಗೆ ಎಳೆದು ತಂದರು. ಈಗ ತಾನು ಹುಟ್ಟಿದ ಹಡಗುಕಟ್ಟೆಯಲ್ಲೇ ಕುಳಿತಿದೆ. ಕೆಳಗಿಳಿದು ಪ್ರೊಪೆಲ್ಲರಿನ ಜಾಗದ ಎದುರು ನಿಂತರೆ ಮನುಷ್ಯ ಎಷ್ಟು ಚಿಕ್ಕವನೆಂದು ತಿಳಿಯುತ್ತದೆ.

ಆರುನೂರು ಜನರ ಹಗ್ಗ

ವಾರಿಯರ್‌ನಲ್ಲಿ ಈ ಪ್ರಶ್ನೆಯ ತೂಕ ಮನುಷ್ಯರ ಭುಜದ ಮೇಲೆ ಬಿತ್ತು. ಅದು ಆವಿಯಲ್ಲಿ 14 ನಾಟ್, ಹಾಯಿಯಲ್ಲಿ 13 ನಾಟ್ ಓಡುತ್ತಿತ್ತು. ಹೊತ್ತಿದ್ದ ಸುಮಾರು 850 ಟನ್ ಕಲ್ಲಿದ್ದಲು ಮುಗಿದರೆ ನಡುಗಡಲಿನಲ್ಲಿ ಮತ್ತೆ ಸಿಗುವಂತಿರಲಿಲ್ಲ. ಆದ್ದರಿಂದ ಹಾಯಿಯನ್ನು ನಂಬಲೇಬೇಕು. ಹಾಯಿ ನಂಬಿದರೆ ಪ್ರೊಪೆಲ್ಲರ್ ಎತ್ತಲೇಬೇಕು. ಸುಮಾರು ಏಳುನೂರು ಸಿಬ್ಬಂದಿಯಲ್ಲಿ ಆರುನೂರು ಜನ ಹಗ್ಗ ಹಿಡಿಯಬೇಕು. ಅಂದರೆ ಅಡುಗೆಯವರಿಂದ ಹಿಡಿದು ಕಲ್ಲಿದ್ದಲು ಸುರಿಯುವವರ ತನಕ ಹೆಚ್ಚುಕಡಿಮೆ ಎಲ್ಲರೂ. ಗಾಳಿಗೆ ಅಡ್ಡವಾಗದಂತೆ ಹೊಗೆಕೊಳವೆಗಳನ್ನೂ ದೂರದರ್ಶಕದ ಹಾಗೆ ಒಳಕ್ಕೆ ಇಳಿಸುತ್ತಿದ್ದರು. ಕೈಯಿಂದ ಮೇಲೆತ್ತುವ ಪ್ರೊಪೆಲ್ಲರುಗಳಲ್ಲಿ ಇದಕ್ಕಿಂತ ದೊಡ್ಡದನ್ನು ಯಾರೂ ಮಾಡಲಿಲ್ಲ.

ಅಟ್ಲಾಂಟಿಕ್‌ನ ಆಚೆ ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದಾಗ, 1862ರಲ್ಲಿ ಬರ್ಕನ್‌ಹೆಡ್‌ನಲ್ಲಿ ದಕ್ಷಿಣದವರಿಗಾಗಿ ಕಟ್ಟಿದ ಅಲಬಾಮಾ ಎಂಬ ಹಡಗಿಗೂ ಎತ್ತುವ ಪ್ರೊಪೆಲ್ಲರ್ ಇತ್ತು. ಅದು ಚಿಕ್ಕದು, ಕಾಲು ಗಂಟೆಯಲ್ಲಿ ಎತ್ತಿ ಮುಗಿಸುತ್ತಿದ್ದರು. ಎತ್ತಿದ ಮೇಲೆ ದೂರದಿಂದ ನೋಡಿದವರಿಗೆ ಅದು ಬರೀ ಹಾಯಿ ಹಡಗಿನಂತೆಯೇ ಕಾಣುತ್ತಿತ್ತು. ಕಲ್ಲಿದ್ದಲಿನ ಬಂದರುಗಳ ಹಂಗಿಲ್ಲದೆ ಎರಡು ವರ್ಷ ಲೋಕದ ಕಡಲುಗಳಲ್ಲಿ ವ್ಯಾಪಾರಿ ಹಡಗುಗಳನ್ನು ಬೇಟೆಯಾಡಲು ಸಾಧ್ಯವಾದದ್ದು ಇದರಿಂದಲೇ. 1864ರ ಜನವರಿಯಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಯ ದಕ್ಷಿಣ ತುದಿಯ ಅಂಚುತೆಂಗಿನ ಬಳಿಗೂ ಬಂದು, ಸುಟ್ಟ ಹಡಗೊಂದರ ಸೆರೆಯಾಳುಗಳನ್ನು ದಡಕ್ಕೆ ಇಳಿಸಿ ಹೋಯಿತು.

ಧ್ರುವ ಪ್ರದೇಶಕ್ಕೆ ಹೋದವರಿಗೆ ಇನ್ನೊಂದು ಕಾರಣ ಸೇರಿಕೊಂಡಿತು. ನಾನ್ಸೆನ್‌ನ ಫ್ರಾಮ್, ಸ್ಕಾಟ್‌ನ ಡಿಸ್ಕವರಿ ಎರಡರಲ್ಲೂ ಪ್ರೊಪೆಲ್ಲರ್ ಮತ್ತು ಚುಕ್ಕಾಣಿಯನ್ನು ಮೇಲೆತ್ತಬಹುದಿತ್ತು, ಮಂಜುಗಡ್ಡೆ ಮುರಿಯದಿರಲೆಂದು. ಒಂದು ಓಸ್ಲೋದಲ್ಲಿ, ಇನ್ನೊಂದು ಡಂಡಿಯಲ್ಲಿ ಇಂದಿಗೂ ನೋಡಲು ಸಿಗುತ್ತವೆ.

ದೊಡ್ಡ ಹಡಗುಗಳ ಮಟ್ಟಿಗೆ ಜಗಳ ಬೇಗ ಮುಗಿಯಿತು. ಎಂಜಿನ್‌ಗಳು ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ದೂರ ಓಡಲು ಕಲಿತವು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. 1871ರಲ್ಲಿ ನೀರಿಗಿಳಿದ ಡೆವಾಸ್ಟೇಷನ್ ಎಂಬ ಯುದ್ಧನೌಕೆಗೆ ಹಾಯಿಯೇ ಇರಲಿಲ್ಲ. ಹಾಯಿ ಹೋದ ಮೇಲೆ ಪ್ರೊಪೆಲ್ಲರನ್ನು ಎತ್ತುವ ಮಾತೆಲ್ಲಿ?

ಪ್ರಶ್ನೆ ಮಾತ್ರ ಸಾಯಲಿಲ್ಲ. ಅದು ಬಡವರ ಸರಕು ದೋಣಿಗಳಿಗೂ ಹವ್ಯಾಸಿಗಳ ಪುಟ್ಟ ಹಾಯಿದೋಣಿಗಳಿಗೂ ಇಳಿದು ಬಂತು.

ಒಂದು ಚೀಲ ಅಕ್ಕಿಯ ತೂಕ

ಕೆಲಸಕ್ಕೆಂದು ಸೌತಾಂಪ್ಟನ್ ಪಕ್ಕಕ್ಕೆ ಬಂದ ಮೇಲೆ ನಾನೂ ಇಬ್ಬರು ಸ್ನೇಹಿತರೂ ಸೇರಿ ಮೂವತ್ತು ಅಡಿಯ ಒಂದು ಹಳೆಯ ಹಾಯಿದೋಣಿ ಕೊಂಡೆವು. ಅದಕ್ಕೆ ಮೂರು ಅಲಗಿನ ಸ್ಥಿರ ಪ್ರೊಪೆಲ್ಲರ್, ಸುಮಾರು 40 ಸೆಂಟಿಮೀಟರ್ ವ್ಯಾಸದ್ದು. ಒಂದು ಸಂಜೆ ಕಾಗದ ಹಿಡಿದು ಲೆಕ್ಕ ಹಾಕಿದೆ. ಶಾಫ್ಟನ್ನು ಬಿಗಿಹಿಡಿದು 5 ನಾಟ್ ವೇಗದಲ್ಲಿ ಹೋದರೆ ಆ ಅಲಗುಗಳು ಹಿಂದಕ್ಕೆ ಎಳೆಯುವ ಬಲ ಸುಮಾರು 25 ಕಿಲೋ ತೂಕದಷ್ಟು. ಅಂದರೆ ಒಂದು ಚೀಲ ಅಕ್ಕಿಯನ್ನು ಕಪ್ಪಿಯ ಮೇಲಿಂದ ಹಗ್ಗದಲ್ಲಿ ನೇತುಹಾಕಿ, ಆ ಹಗ್ಗದ ಇನ್ನೊಂದು ತುದಿಯನ್ನು ದೋಣಿಯ ಹಿಂಭಾಗಕ್ಕೆ ಕಟ್ಟಿದ ಹಾಗೆ. ವೇಗ ಅರ್ಧವಾದರೆ ಈ ಹಿಂದೆಳೆತ ಕಾಲು ಭಾಗಕ್ಕೆ ಇಳಿಯುತ್ತದೆ, ನಿಜ. ಆದರೆ ಮಂದ ಗಾಳಿಯಲ್ಲಿ ಹಾಯಿಯ ಬಲವೂ ಅಷ್ಟೇ ಇಳಿದಿರುತ್ತದೆ. ಇಂಥ ದೋಣಿಯಲ್ಲಿ ಅರ್ಧ ನಾಟ್‌ನಿಂದ ಒಂದು ನಾಟ್‌ವರೆಗೂ ವೇಗ ಕಳೆದುಹೋಗಬಹುದು. ಐದು ನಾಟ್‌ನಲ್ಲಿ ಅರ್ಧ ಎಂದರೆ ಹತ್ತು ಗಂಟೆಯ ದಾರಿ ಹನ್ನೊಂದು ಗಂಟೆ ದಾಟುತ್ತದೆ.

ಇದಕ್ಕೆ ಇಂದು ಸಿಗುವ ಪರಿಹಾರಗಳೆಲ್ಲ ಆ ಹಳೆಯ ಹಡಗುಗಳ ಮೊಮ್ಮಕ್ಕಳೇ.

ಎಲ್ಲಕ್ಕಿಂತ ಸರಳವಾದುದು ಎರಡು ಅಲಗಿನ ಸ್ಥಿರ ಪ್ರೊಪೆಲ್ಲರ್. ಉದ್ದ ತಳದ ಹಳೆಯ ದೋಣಿಗಳಲ್ಲಿ ಶಾಫ್ಟಿಗೆ ಬಣ್ಣದ ಗುರುತು ಹಾಕಿರುತ್ತಾರೆ. ಹಾಯಿ ಬಿಡುವಾಗ ಗುರುತು ಮೇಲೆ ಬರುವಂತೆ ಶಾಫ್ಟನ್ನು ತಿರುಗಿಸಿ ನಿಲ್ಲಿಸಿದರೆ ಎರಡೂ ಅಲಗು ತಳದ ಮರದ ಹಿಂದೆ ನೆಟ್ಟಗೆ ಅಡಗಿಕೊಳ್ಳುತ್ತವೆ. ಖರ್ಚಿಲ್ಲದ ಉಪಾಯ, ಆದರೆ ಎರಡೇ ಅಲಗಾದ್ದರಿಂದ ಎಂಜಿನ್‌ನಲ್ಲಿ ಓಡುವಾಗ ನಡುಕ ಹೆಚ್ಚು.

ಎರಡನೆಯದು ಮಡಚುವ ಪ್ರೊಪೆಲ್ಲರ್. ಅಲಗುಗಳ ಬುಡದಲ್ಲಿ ಕೀಲು. ಶಾಫ್ಟ್ ತಿರುಗಿದಾಗ ಅಲಗುಗಳು ಹೊರಕ್ಕೆ ಸಿಡಿದು ಅರಳುತ್ತವೆ. ನಿಂತಾಗ ಹರಿಯುವ ನೀರೇ ಅವನ್ನು ಹಿಂದಕ್ಕೆ ತಳ್ಳಿ ಮೊಗ್ಗಿನಂತೆ ಮುಚ್ಚುತ್ತದೆ. ಎಲ್ಲಕ್ಕಿಂತ ಕಡಿಮೆ ಹಿಂದೆಳೆತ ಇದರದ್ದೇ. ಹಳೆಯ ಮಾದರಿಗಳಲ್ಲಿ ಎರಡು ಅಲಗುಗಳಿಗೆ ಪರಸ್ಪರ ಸಂಬಂಧವಿರಲಿಲ್ಲ. ಕೆಳಗಿನದು ಭಾರಕ್ಕೆ ಜೋತುಬಿದ್ದು ಅರ್ಧ ತೆರೆದೇ ಇರುತ್ತಿತ್ತು. ಈಗ ಹಲ್ಲುಗಳನ್ನು ಜೋಡಿಸಿ ಎಲ್ಲ ಅಲಗು ಒಟ್ಟಿಗೆ ತೆರೆದು ಮುಚ್ಚುವಂತೆ ಮಾಡಿದ್ದಾರೆ. ಹಿಂದಕ್ಕೆ ಓಡಿಸುವಾಗ ಮಾತ್ರ ಇದರ ಬಲ ಕಡಿಮೆ. ಅರಳಿಸುವ ಬಲ ಒಂದು ಕಡೆ, ಮಡಚುವ ಬಲ ಇನ್ನೊಂದು ಕಡೆ ಎಳೆದಾಡುತ್ತವೆ.

ಮೂರನೆಯದು ಮಗ್ಗುಲಾಗುವ ಪ್ರೊಪೆಲ್ಲರ್, ಅಂದರೆ ಮಾಡ್ಸ್‌ಲೇಯ ವಿಚಾರದ ಸಂತತಿ. ಗುಬುಟಿನೊಳಗಿನ ಹಲ್ಲಿನ ಚಕ್ರಗಳು ಅಲಗನ್ನು ತಿರುಗಿಸುತ್ತವೆ. ಹಾಯಿಯಲ್ಲಿ ಅಲಗಿನ ಅಂಚು ಮಾತ್ರ ನೀರಿಗೆ ಕಾಣುತ್ತದೆ. ಹಿಂದಕ್ಕೆ ಓಡಿಸುವಾಗ ಅಲಗು ತನ್ನಷ್ಟಕ್ಕೆ ತಾನೇ ಮಗುಚಿಕೊಂಡು ಸರಿಯಾದ ಮುಖ ತೋರಿಸುವುದರಿಂದ ಬಂದರಿನೊಳಗೆ ಹಿಡಿತ ಚೆನ್ನಾಗಿರುತ್ತದೆ. ಬೆಲೆ ಜಾಸ್ತಿ. ವರ್ಷಕ್ಕೊಮ್ಮೆಯಾದರೂ ಗ್ರೀಸ್ ತುಂಬಬೇಕು, ಸವೆದ ಸತುವಿನ ಬಿಲ್ಲೆ ಬದಲಿಸಬೇಕು. ಇದೇ ಕುಟುಂಬದಲ್ಲಿ ವೇಗಕ್ಕೂ ಹೊರೆಗೂ ತಕ್ಕಂತೆ ಓರೆಯನ್ನು ತಾನೇ ಹೊಂದಿಸಿಕೊಳ್ಳುವ ಪ್ರೊಪೆಲ್ಲರುಗಳೂ ಇವೆ.

ನಾಲ್ಕನೆಯದು ಔಟ್‌ಬೋರ್ಡ್ ಎಂಜಿನ್. ಬೇಡವಾದಾಗ ಹಿಡಿಕೆ ಹಿಡಿದು ಇಡೀ ಎಂಜಿನನ್ನೇ ನೀರಿನಿಂದ ಮೇಲಕ್ಕೆ ವಾಲಿಸುವುದು. ವಾರಿಯರ್‌ನಲ್ಲಿ ಆರುನೂರು ಜನ ಮಾಡಿದ ಕೆಲಸವನ್ನು ಇಲ್ಲಿ ಒಬ್ಬನೇ ಒಂದು ಕೈಯಲ್ಲಿ ಮುಗಿಸುತ್ತಾನೆ.

ನಿಲ್ಲಿಸುವುದೋ, ಬಿಡುವುದೋ

ದೊಡ್ಡಪ್ಪಯ್ಯನ ಮಂಜಿಗೆ ಇದ್ಯಾವುದೂ ಎಟುಕುವಂತಿರಲಿಲ್ಲ. ಅವರಿಗಿದ್ದದ್ದು ಸ್ಥಿರವಾದ ಎರಕದ ಫ್ಯಾನು, ಒಂದು ಗೇರಿನ ಹಿಡಿಕೆ. ಅವರ ಪ್ರಶ್ನೆಗೆ ಉತ್ತರ ಏನು?

ಈ ಚರ್ಚೆ ಹಾಯಿದೋಣಿಗಳವರಲ್ಲಿ ದಶಕಗಳ ಕಾಲ ನಡೆದಿತ್ತು. ನನ್ನಂತೆಯೇ ಹೆಲಿಕಾಪ್ಟರಿನ ಉದಾಹರಣೆ ಕೊಟ್ಟು ನಿಲ್ಲಿಸಬೇಕೆನ್ನುವವರು ಬಹಳ ಜನ. 2008ರಲ್ಲಿ ಗ್ಲಾಸ್ಗೋದ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ಸಂಶೋಧಕರು ಹಾಯಿದೋಣಿಯ ಪ್ರೊಪೆಲ್ಲರುಗಳ ಹಿಂದೆಳೆತವನ್ನು ಅಳೆದು ಪ್ರಬಂಧ ಪ್ರಕಟಿಸಿದರು. ಅದರ ಸಾರ ಸ್ಪಷ್ಟ: ಶಾಫ್ಟ್ ಸಲೀಸಾಗಿ ತಿರುಗುವಂತಿದ್ದರೆ, ಬಿಗಿಹಿಡಿದ ಪ್ರೊಪೆಲ್ಲರಿಗಿಂತ ತಿರುಗಲು ಬಿಟ್ಟ ಪ್ರೊಪೆಲ್ಲರಿನ ಹಿಂದೆಳೆತ ಕಡಿಮೆ.

ಕಾರಣ ತಿಳಿಯಲು ಬೋಲ್ಟಿನ ಮೇಲಿನ ನಟ್ಟನ್ನು ನೆನಪಿಸಿಕೊಳ್ಳಿ. ನಟ್ಟು ಸುತ್ತಲು ಬಿಟ್ಟರೆ ಎಳೆಗುಂಟ ಸರಾಗವಾಗಿ ಮುಂದೆ ಹೋಗುತ್ತದೆ. ಸುತ್ತಲು ಬಿಡದೆ ನೇರವಾಗಿ ತಳ್ಳಿದರೆ ಅಲುಗುವುದಿಲ್ಲ. ಪ್ರೊಪೆಲ್ಲರಿಗೆ ನೀರೇ ಬೋಲ್ಟು. ಸುತ್ತಲು ಬಿಟ್ಟಾಗ ಅಲಗು ನೀರನ್ನು ಸಣ್ಣ ಕೋನದಲ್ಲಿ ಸೀಳಿಕೊಂಡು ಜಾರುತ್ತದೆ. ಬಿಗಿಹಿಡಿದಾಗ ನೀರಿಗೆ ಅಡ್ಡ ಹಿಡಿದ ಮಣೆಯಾಗುತ್ತದೆ. ಅದರ ಬೆನ್ನ ಹಿಂದೆ ಸುಳಿಯೆದ್ದು ಹಿಂದಕ್ಕೆ ಜಗ್ಗುತ್ತದೆ.

ಹಾಗಾದರೆ ಮಹಾಗನಿ ಬೀಜ? ಅದರದ್ದೂ ಹೆಲಿಕಾಪ್ಟರಿನದ್ದೂ ಕಿರಿದಾದ ರೆಕ್ಕೆ, ಓರೆಯೂ ತೀರ ಕಡಿಮೆ. ನಿಂತ ರೆಕ್ಕೆ ತಡೆಯುವುದು ಸಣ್ಣ ಜಾಗವನ್ನು ಮಾತ್ರ. ತಿರುಗಿದಾಗ ಇಡೀ ವೃತ್ತವೇ ಆಸರೆಯಾಗುತ್ತದೆ. ದೋಣಿಯ ಫ್ಯಾನಿನಲ್ಲಿ ಅಗಲವಾದ ಅಲಗುಗಳು ವೃತ್ತದ ದೊಡ್ಡ ಭಾಗವನ್ನು ಮೊದಲೇ ತುಂಬಿರುತ್ತವೆ, ಓರೆಯೂ ಹೆಚ್ಚು. ನನ್ನ ಹೋಲಿಕೆ ತಪ್ಪಾಗಿತ್ತು. ಹೋಲಿಕೆ ಚಂದವಾಗಿತ್ತೆಂದು ಉತ್ತರವೂ ಸರಿ ಎಂದು ನಂಬಿದ್ದೆ.

ಪ್ರಬಂಧ ಓದಿದ ಮೇಲೂ ಮನಸ್ಸು ಒಪ್ಪದೆ, ಗಾಳಿಯಿಲ್ಲದ ಒಂದು ಬೆಳಿಗ್ಗೆ ಸ್ನೇಹಿತನ ಮೋಟಾರು ದೋಣಿಯಿಂದ ನಮ್ಮ ದೋಣಿಯನ್ನು ಎಳೆಸಿದೆವು. ಹಗ್ಗದ ನಡುವೆ ಸ್ಪ್ರಿಂಗ್ ತಕ್ಕಡಿ. ಗೇರ್ ಹಾಕಿದಾಗ ಮುಳ್ಳು ಮೇಲೇರಿತು. ಬಿಟ್ಟಾಗ ಇಳಿಯಿತು. ಮೂರು ಸಲ ಮಾಡಿದೆವು. ಮೂರು ಸಲವೂ ಹಾಗೆಯೇ.

ದೋಣಿ ಇಟ್ಟುಕೊಂಡಿರುವ ಸದಸ್ಯರಿಗೆ ಎರಡು ಎಚ್ಚರಿಕೆ. ಕೆಲವು ಗೇರ್ ಪೆಟ್ಟಿಗೆಗಳಿಗೆ ಎಂಜಿನ್ ಓಡುವಾಗ ಮಾತ್ರ ಎಣ್ಣೆ ಸಿಗುತ್ತದೆ. ಅವನ್ನು ಗಂಟೆಗಟ್ಟಲೆ ತಿರುಗಲು ಬಿಟ್ಟರೆ ಹಾಳಾಗುತ್ತವೆ. ತಯಾರಕರ ಕೈಪಿಡಿ ನೋಡಿಯೇ ಬಿಡಿ. ಇನ್ನು ಮಡಚುವ ಮತ್ತು ಮಗ್ಗುಲಾಗುವ ಪ್ರೊಪೆಲ್ಲರುಗಳಿಗೆ ಲೆಕ್ಕ ತಿರುಗುಮುರುಗು: ಶಾಫ್ಟ್ ನಿಂತರೆ ಮಾತ್ರ ಅವು ಮುಚ್ಚಿಕೊಳ್ಳುತ್ತವೆ.

ತೀರದ ಸಾಲ

ದೊಡ್ಡಪ್ಪಯ್ಯ 2009ರಲ್ಲಿ ತೀರಿಕೊಂಡರು. ಹದಿಮೂರನೇ ದಿನದ ಊಟವಾದ ಮೇಲೆ, ಅವರ ಜೊತೆ ಕಡಲಿಗೆ ಹೋಗುತ್ತಿದ್ದ ನನ್ನ ಅಣ್ಣ, ಅವರ ಹಿರಿಯ ಮಗ, ಒಂದು ಸಂಗತಿ ಹೇಳಿದ. 1985ರ ಬೇಸಿಗೆಯ ಕೊನೆ. ಲಕ್ಷದ್ವೀಪದಿಂದ ಕೊಬ್ಬರಿ ಹೊತ್ತು ಬರುವಾಗ ನಡುದಾರಿಯಲ್ಲಿ ಎಂಜಿನ್ ಕೆಟ್ಟಿತು. ಗಾಳಿ ತೀರ ಮಂದ. ನಾನು ಹೇಳಿದಂತೆ ಗೇರ್ ಹಾಕಿ ಹಾಯಿ ಏರಿಸಿದರು. ಎರಡು ಹಗಲು ಎರಡು ರಾತ್ರಿ ಮಂಜಿ ಕೊಳದಲ್ಲಿ ತೇಲಿದ ಹಾಗೆ ತೆವಳಿತು. ಕುಡಿಯುವ ನೀರಿನ ಪೀಪಾಯಿ ತಳ ಕಂಡಿತು. ಪಶ್ಚಿಮದಲ್ಲಿ ಮಳೆಮೋಡ ಕಟ್ಟತೊಡಗಿತು. ಹಡಗಿನಲ್ಲಿ ಆರು ಜನ.

ಮೂರನೇ ರಾತ್ರಿ ದೊಡ್ಡಪ್ಪಯ್ಯ ಚುಕ್ಕಾಣಿಯನ್ನು ಅಣ್ಣನ ಕೈಗೆ ಕೊಟ್ಟು ಕೆಳಗಿಳಿದು ಹೋಗಿ ಗೇರ್ ತಪ್ಪಿಸಿದರು. ಶಾಫ್ಟ್ ಮೆಲ್ಲಗೆ ಸುತ್ತತೊಡಗಿತು. ಚುಕ್ಕಾಣಿ ಕೈಯಲ್ಲೇ ಹಗುರವಾಯಿತು ಎಂದು ಅಣ್ಣ ಹೇಳಿದ. ಮೇಲೆ ಬಂದ ದೊಡ್ಡಪ್ಪಯ್ಯ, "ಮಂಜಿ ಈಗ ಉಸ್ರ್ ಬಿಟ್ತ್" ಎಂದರಂತೆ. ಮರುದಿನ ರಾತ್ರಿ ಮಂಗಳೂರಿನ ದೀಪ ಕಂಡಿತು. ಬಂದರಿಗೆ ಬಂದ ಮೂರನೇ ದಿನ ಮಳೆ ಹಿಡಿಯಿತು.

ಆಮೇಲೆ ಇಪ್ಪತ್ತನಾಲ್ಕು ವರ್ಷ ಅವರು ಬದುಕಿದ್ದರು. ನಾನು ಪ್ರತಿ ಸಲ ಊರಿಗೆ ಹೋದಾಗಲೂ ಅದೇ ಜಗಲಿಯಲ್ಲಿ ಕೂತು ಮಾತಾಡಿದ್ದೇವೆ. ಒಂದು ಸಲವೂ ಈ ವಿಷಯ ಎತ್ತಲಿಲ್ಲ. "ಅವ್ನ್ ಹತ್ರ ಹೇಳ್ಬೇಡಿ, ಬೇಜಾರ್ ಮಾಡ್ಕಂತ" ಎಂದು ಮನೆಯವರಿಗೂ ಹೇಳಿದ್ದರಂತೆ.

ಯಂತ್ರಗಳ ಚರಿತ್ರೆ ಬರೆಯುವಾಗ ನಾವು ಪೇಟೆಂಟ್ ಪಡೆದವರ, ಹಡಗು ಕಟ್ಟಿಸಿದವರ ಹೆಸರು ಬರೆಯುತ್ತೇವೆ. ವಾರಿಯರ್‌ನ ಹಗ್ಗ ಹಿಡಿದ ಆರುನೂರು ಜನರು ನಮ್ಮ ಪುಟಗಳಲ್ಲಿ ಒಂದು ಸಂಖ್ಯೆ ಮಾತ್ರ. ಆದರೆ ಪ್ರೊಪೆಲ್ಲರ್ ಹಿಂದಿನಿಂದ ಎಷ್ಟು ಹಿಡಿಯುತ್ತದೆ ಎಂಬುದನ್ನು ಅಂಗೈಯಲ್ಲಿ ತಿಳಿದವರು ಅವರು. 1952ರಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆಯ ಕಾಲದಿಂದ ನಮ್ಮ ಪಶ್ಚಿಮ ಕರಾವಳಿಗೆ ಎಂಜಿನ್ ದೋಣಿಗಳು ಬಂದವು. ಎಂಜಿನ್ ಓಡಿಸುವುದನ್ನು ಕಲಿಸಿದವರು ಇದ್ದರು. ಎಂಜಿನ್ ನಿಂತಾಗ ಏನು ಮಾಡಬೇಕೆಂಬುದನ್ನು ತಂಡೇಲರು ತಾವೇ ಕಂಡುಕೊಂಡರು. ಅದನ್ನು ಯಾರೂ ಬರೆದಿಡಲಿಲ್ಲ.

ಈಗ ಚಕ್ರ ಇನ್ನೊಂದು ಸುತ್ತು ಬಂದಿದೆ. ಇಲ್ಲಿಯ ಕೆಲವು ಹೊಸ ಹಾಯಿದೋಣಿಗಳಲ್ಲಿ ವಿದ್ಯುತ್ ಮೋಟಾರು. ಗಾಳಿ ಜೋರಾಗಿದ್ದಾಗ ಪ್ರೊಪೆಲ್ಲರನ್ನು ಬೇಕೆಂದೇ ತಿರುಗಲು ಬಿಟ್ಟು ಬ್ಯಾಟರಿ ತುಂಬಿಸಿಕೊಳ್ಳುತ್ತಾರೆ. ಹಿಂದಿನಿಂದ ಹಿಡಿಯುವುದನ್ನೇ ಬೆಳಕಾಗಿಸುತ್ತಾರೆ. ಇನ್ನೊಂದು ಕಡೆ, 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಭಾರತೀಯ ನೌಕಾಪಡೆ ಕೌಂಡಿನ್ಯ ಎಂಬ ಹಡಗನ್ನು ಸೇರಿಸಿಕೊಂಡಿತು. ಮೊಳೆಯಿಲ್ಲದೆ ಹಲಗೆಗಳನ್ನು ಹಗ್ಗದಿಂದ ಹೊಲಿದು ಕಟ್ಟಿದ, ಎಂಜಿನ್ನೇ ಇಲ್ಲದ ಹಾಯಿ ಹಡಗು ಅದು. ಅದಕ್ಕೆ ಫ್ಯಾನಿನ ಚಿಂತೆಯಿಲ್ಲ. ದೊಡ್ಡಪ್ಪಯ್ಯ ಇದ್ದಿದ್ದರೆ ಕಾರವಾರದವರೆಗೆ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದರು.

ಪೋರ್ಟ್ಸ್‌ಮತ್‌ನಲ್ಲಿ ಪ್ರಶ್ನೆ ಕೇಳಿದ ಪುಟ್ಟಿಗೆ ಅಂದು ಅವಸರದಲ್ಲಿ ಅರ್ಧ ಉತ್ತರ ಹೇಳಿದ್ದೆ. ಪೂರ್ತಿ ಉತ್ತರ ಇಲ್ಲಿದೆ, ಅಮ್ಮನ ಹತ್ತಿರ ಓದಿಸಿಕೋ. ಆಫ್ ಮಾಡಿದರೆ ಸಾಕಾಗುವುದಿಲ್ಲ ಮಗಳೇ. ನಿಂತ ಫ್ಯಾನು ತಿರುಗುವ ಫ್ಯಾನಿಗಿಂತ ಹೆಚ್ಚು ಹಿಡಿಯುತ್ತದೆ. ಎತ್ತಲು ಆಗದಿದ್ದರೆ, ಮಡಚಲು ಬಾರದಿದ್ದರೆ, ತಿರುಗಲು ಬಿಡಬೇಕು. ಇದನ್ನು ನನಗೆ ಕಲಿಸಿದವರು ಗಂಗೊಳ್ಳಿಯ ಒಬ್ಬ ತಂಡೇಲರು. ನಾನು ಕಲಿತದ್ದು ಅವರಿಗೆ ಗೊತ್ತಾಗಲಿಲ್ಲ.